ಲೂಪಿನ ಒಳಗೇನು, ಹೊರಗೇನು? ಸಂಖ್ಯಾಶಾಸ್ತ್ರದ ವಿದ್ಯಾರ್ಥಿಗಳಿಗೆ ಪ್ರೋಗ್ರಾಮಿಂಗ್ ಕಲಿಸುವ ಬಗೆ

(ಶಿರಸಿಯಲ್ಲಿ ಪದವಿ ತರಗತಿಗಳ ಸಂಖ್ಯಾಶಾಸ್ತ್ರ ಅಧ್ಯಾಪಕರು ಮತ್ತು ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

ಮಾನ್ಯರೆ,

ಸಂಖ್ಯಾಶಾಸ್ತ್ರದ ಪದವಿ ತರಗತಿಗಳಿಗೆ ಪ್ರೋಗ್ರಾಮಿಂಗ್ ಈಗ ಹೊಸತೇನಲ್ಲ. ಪ್ರಾಯೋಗಿಕ ತರಗತಿಗಳಲ್ಲಿ ಆರ್ ಅಥವಾ ಪೈಥಾನ್ ಭಾಷೆಯಲ್ಲಿ ಒಂದಿಷ್ಟು ಅಭ್ಯಾಸಗಳನ್ನು ಮಾಡಿಸುತ್ತೇವೆ. ವಿದ್ಯಾರ್ಥಿಗಳು ಅವನ್ನು ಜರ್ನಲ್‌ನಲ್ಲಿ ಬರೆದು ಸಹಿ ಹಾಕಿಸಿಕೊಳ್ಳುತ್ತಾರೆ. ಆದರೆ ಬೆಳಿಗ್ಗೆ ಕರಿಹಲಗೆಯ ಮೇಲೆ ಕಂಡ ಸೂತ್ರಕ್ಕೂ ಮಧ್ಯಾಹ್ನ ಲ್ಯಾಬಿನಲ್ಲಿ ಟೈಪ್ ಮಾಡಿದ ಸಾಲಿಗೂ ಏನು ಸಂಬಂಧ ಎಂದು ಕೇಳಿದರೆ, ಪದವಿಯ ಕೊನೆಯ ಸೆಮಿಸ್ಟರಿನಲ್ಲಿರುವವರೂ ತಡವರಿಸುತ್ತಾರೆ. ಅವರ ಮಟ್ಟಿಗೆ ಸೂತ್ರ ಪರೀಕ್ಷೆಯಲ್ಲಿ ಬರೆಯುವ ವಸ್ತು, ಕೋಡ್ ಉತ್ತರ ತರುವ ಯಂತ್ರ. ಈ ಎರಡನ್ನೂ ಒಂದೇ ವಿಷಯವನ್ನು ಹೇಳುವ ಎರಡು ಬಗೆಗಳೆಂದು ಕಾಣುವಂತೆ ಮಾಡುವುದು ಹೇಗೆ ಎಂಬುದಷ್ಟೇ ಇವತ್ತಿನ ನನ್ನ ವಿಷಯ.

ನನ್ನ ವಾದ ಸರಳವಾಗಿದೆ. ಕರಿಹಲಗೆಯ ಸೂತ್ರ ಅನೇಕ ಸಂಗತಿಗಳನ್ನು ಓದುಗನ ತಿಳಿವಳಿಕೆಗೆ ಬಿಟ್ಟುಬಿಡುತ್ತದೆ: ಸಂಕಲನ ಯಾವುದರ ಮೇಲೆ ನಡೆಯುತ್ತಿದೆ, ಯಾವ ಸಂಖ್ಯೆ ಸ್ಥಿರ, ಯಾವುದು ಪ್ರತಿ ಸಲವೂ ಬದಲಾಗುವ ಯಾದೃಚ್ಛಿಕ ಸಂಖ್ಯೆ, ಹೊರಗಿನಿಂದ ಬಂದದ್ದು ಯಾವುದು, ಒಳಗೇ ಹುಟ್ಟಿದ್ದು ಯಾವುದು. ಪ್ರೋಗ್ರಾಮ್ ಇದಕ್ಕೆ ಎಡೆಗೊಡುವುದಿಲ್ಲ. ಪ್ರತಿಯೊಂದನ್ನೂ ಬರೆಯುವವನೇ ತೀರ್ಮಾನಿಸಬೇಕು. ತಾಳಮದ್ದಲೆಯಲ್ಲಿ ಭಾಗವತರು ಹಾಡಿದ ಪದಕ್ಕೆ ಅರ್ಥಧಾರಿ ತನ್ನ ಮಾತಿನಲ್ಲಿ ಅರ್ಥ ಹೇಳುವಾಗ, ಪದವನ್ನು ಅವನು ಎಷ್ಟು ಗ್ರಹಿಸಿದ್ದಾನೆ ಎಂಬುದು ಸಭೆಗೆ ತಿಳಿದುಹೋಗುತ್ತದಷ್ಟೆ. ಸೂತ್ರಕ್ಕೆ ವಿದ್ಯಾರ್ಥಿ ಬರೆಯುವ ಕೋಡ್ ಅಂಥ ಅರ್ಥಗಾರಿಕೆಯಾಗಬೇಕು. ಅರ್ಥಧಾರಿಗಿರುವ ವಿಸ್ತರಿಸುವ ಸ್ವಾತಂತ್ರ್ಯ ಮಾತ್ರ ಇಲ್ಲಿ ಇಲ್ಲ. ಆದ್ದರಿಂದ ಲೆಕ್ಕವನ್ನು ತಾನೇ ಮಾಡಿಕೊಡುವ ಸಿದ್ಧ ಫಂಕ್ಷನ್ನನ್ನು ಕರೆಯುವ ಮೊದಲು ಒಂದು ಸಲವಾದರೂ ವ್ಯಾಖ್ಯೆಯನ್ನು ಸ್ವತಃ ಕೋಡ್ ಆಗಿ ಬರೆಯಲೇಬೇಕೆಂದು ನಾನು ಒತ್ತಾಯಿಸುತ್ತೇನೆ.

ಈ ಊರಿನ ಉದಾಹರಣೆಯಿಂದಲೇ ಹೊರಡೋಣ. ಅಡಿಕೆಯ ಧಾರಣೆಯನ್ನು ಪತ್ರಿಕೆಯಲ್ಲಿ ನೋಡದ ಮನೆ ಇಲ್ಲಿ ಕಡಿಮೆ. ರಾಶಿ, ಚಾಲಿ, ಬೆಟ್ಟೆ ಎಂದು ಬಗೆಬಗೆಯಾಗಿ ಬೆಲೆ ಅಚ್ಚಾಗಿರುತ್ತದೆ. ಒಂದು ದಿನ ಚಾಲಿಯ ಮೂರು ಲಾಟುಗಳು ಮಾರಾಟವಾದವು ಎಂದುಕೊಳ್ಳೋಣ. ಅಂಕೆಗಳು ಕೇವಲ ಕಲ್ಪಿತ. ಎರಡು ಕ್ವಿಂಟಾಲ್ 48,000 ರೂಪಾಯಿಯಂತೆ, ಐದು ಕ್ವಿಂಟಾಲ್ 46,000ದಂತೆ, ಒಂದು ಕ್ವಿಂಟಾಲ್ 40,000ದಂತೆ. ಆ ದಿನದ ಸರಾಸರಿ ಬೆಲೆ ಎಷ್ಟು? ಮೂರು ಬೆಲೆಗಳನ್ನು ಕೂಡಿಸಿ ಮೂರರಿಂದ ಭಾಗಿಸಿದವರಿಗೆ ಸುಮಾರು 44,667 ಬರುತ್ತದೆ. ತೂಕವನ್ನು ಲೆಕ್ಕಕ್ಕೆ ತೆಗೆದುಕೊಂಡವರಿಗೆ 45,750 ಬರುತ್ತದೆ. ಎರಡೂ ಸರಾಸರಿಗಳೇ. ಮೊದಲನೆಯದರಲ್ಲಿ ಸಂಕಲನ ಲಾಟುಗಳ ಮೇಲೆ ನಡೆದಿದೆ, ಎರಡನೆಯದರಲ್ಲಿ ಕ್ವಿಂಟಾಲುಗಳ ಮೇಲೆ. ಕರಿಹಲಗೆಯ ಸಿಗ್ಮಾ ಚಿಹ್ನೆಯ ಕೆಳಗೆ ಬರೆದ ‘ಐ’ ಎಂಬ ಪುಟ್ಟ ಅಕ್ಷರ ಲಾಟನ್ನು ಸೂಚಿಸುತ್ತದೆಯೋ ಕ್ವಿಂಟಾಲನ್ನು ಸೂಚಿಸುತ್ತದೆಯೋ ಎಂದು ಯಾರೂ ಕೇಳುವುದಿಲ್ಲ. ಲೂಪ್, ಅಂದರೆ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಕೋಡ್, ಬರೆಯಲು ಕುಳಿತ ವಿದ್ಯಾರ್ಥಿ ಮಾತ್ರ ಅದು ಎಷ್ಟು ಸಲ ಸುತ್ತಬೇಕೆಂದು ಹೇಳದೆ ಮುಂದೆ ಹೋಗಲಾರ. ಮೂರು ಸಲವೋ, ಎಂಟು ಸಲವೋ? ಎಂಟು ಸಲ ಸುತ್ತುವ ಲೂಪನ್ನು ಮೊದಲು ಬರೆಸಿ, ಅದೇ ಉತ್ತರ ತೂಕದಿಂದ ಗುಣಿಸಿದ ಮೂರೇ ಪದಗಳ ಮೊತ್ತದಿಂದಲೂ ಬರುತ್ತದೆಂದು ಆಮೇಲೆ ತೋರಿಸಿದರೆ, ತೂಕದ ಸರಾಸರಿಯ ಸೂತ್ರವನ್ನು ಬಾಯಿಪಾಠ ಮಾಡಿಸಬೇಕಾಗಿಲ್ಲ.

ಆರ್ ಭಾಷೆಯಲ್ಲಿ ಲೂಪಿನ ಅಗತ್ಯವೂ ಇಲ್ಲ. ದರಗಳ ಸರಣಿಯನ್ನು ತೂಕಗಳ ಸರಣಿಯಿಂದ ನೇರವಾಗಿ ಗುಣಿಸಬಹುದು. ಕೋಡ್ ಸೂತ್ರದಷ್ಟೇ ಚಿಕ್ಕದಾಗುತ್ತದೆ. ಆದರೆ ಚಿಕ್ಕದಾದಾಗ ಸೂತ್ರದ ಮೌನವೂ ಅದರ ಜೊತೆಗೆ ಮರಳಿ ಬರುತ್ತದೆ. ಆರು ದರಗಳಿದ್ದು, ಕೈತಪ್ಪಿ ಮೂರೇ ತೂಕಗಳನ್ನು ನಮೂದಿಸಿದರೆ ಆರ್ ಆ ಮೂರನ್ನೇ ಎರಡು ಸಲ ಬಳಸಿ ಗುಣಿಸಿಬಿಡುತ್ತದೆ, ಎಚ್ಚರಿಕೆಯ ಸಾಲನ್ನೂ ತೋರಿಸುವುದಿಲ್ಲ, ಏಕೆಂದರೆ ಆರು ಮೂರರ ಗುಣಕ. ಅದೇ ತಪ್ಪಿಗೆ ಪೈಥಾನಿನಲ್ಲಿ ಸಂಖ್ಯೆಗಳ ಲೆಕ್ಕಕ್ಕೆ ಬಳಸುವ ನಂಪೈ ಎಂಬ ಕೋಡ್ ಸಂಗ್ರಹ ದೋಷ ತೋರಿಸಿ ನಿಂತುಬಿಡುತ್ತದೆ. ‘ಐ ಒಂದರಿಂದ ಎನ್‌ವರೆಗೆ’ ಎಂದು ನಾವು ಬರೆದಾಗ ಎರಡೂ ಸರಣಿಗಳ ಉದ್ದ ಒಂದೇ ಎಂಬ ಕರಾರು ಅದರಲ್ಲಿ ಅಡಗಿದೆ. ಉದ್ದಗಳು ಸಮ ಇವೆಯೇ ಎಂದು ಮೊದಲೇ ಪರೀಕ್ಷಿಸುವ ಒಂದು ಸಾಲನ್ನು ಬರೆದ ವಿದ್ಯಾರ್ಥಿ ಆ ಕರಾರನ್ನು ಬಾಯಿಬಿಟ್ಟು ಹೇಳಿದಂತಾಯಿತು. ಆ ಸಾಲಿಗೆ ನಾನು ಪ್ರತ್ಯೇಕ ಅಂಕ ಕೊಡುತ್ತೇನೆ.

ಸೂತ್ರವೂ ಕೋಡೂ ಒಂದೇ ಬರಹವಾಗಬಹುದು ಎಂಬ ಈ ಯೋಚನೆ ಹೊಸದೇನಲ್ಲ. ಕೆನಡಾ ಮೂಲದ ಗಣಿತಜ್ಞ ಕೆನ್ನೆತ್ ಐವರ್ಸನ್ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಕಲಿಸುತ್ತಿದ್ದಾಗ, ಲೆಕ್ಕದ ವಿಧಾನಗಳನ್ನು ಸ್ಪಷ್ಟವಾಗಿ ಬರೆಯಲೆಂದು ತಾನೇ ಒಂದು ಸಂಕೇತಪದ್ಧತಿಯನ್ನು ಕಟ್ಟಿದ. ಅದು ಮುಂದೆ ಐಬಿಎಂನಲ್ಲಿ ಎಪಿಎಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯಾಯಿತು; 1979ರಲ್ಲಿ ಅವನಿಗೆ ಕಂಪ್ಯೂಟರ್ ವಿಜ್ಞಾನದ ಟ್ಯೂರಿಂಗ್ ಪ್ರಶಸ್ತಿ ಬಂದಿತು. ಅವನ ಪದ್ಧತಿಯಲ್ಲಿ ಮೊತ್ತ, ಗುಣಲಬ್ಧ, ಗರಿಷ್ಠ ಮೂರೂ ಒಂದೇ ಅಚ್ಚಿನವು: ಕ್ರಿಯೆಯ ಚಿಹ್ನೆ ಬದಲಾಗುತ್ತದೆ, ಸರಣಿಯನ್ನು ಮಡಿಚಿ ಒಂದೇ ಸಂಖ್ಯೆ ಮಾಡುವ ಚಿಹ್ನೆ ಹಾಗೇ ಉಳಿಯುತ್ತದೆ. ನಮ್ಮ ಪಠ್ಯಗಳಲ್ಲಿ ಮೊತ್ತದ ಸಿಗ್ಮಾ ಒಂದು ಅಧ್ಯಾಯದಲ್ಲಿ, ಗುಣಲಬ್ಧದ ಪೈ ಇನ್ನೊಂದರಲ್ಲಿ ಬರುವುದರಿಂದ ವಿದ್ಯಾರ್ಥಿಗಳಿಗೆ ಅವು ಅಣ್ಣತಮ್ಮಂದಿರೆಂದು ತಿಳಿಯುವುದೇ ಇಲ್ಲ.

ಈಗ ವೇರಿಯನ್ಸ್, ಅಂದರೆ ಸಂಖ್ಯೆಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬುದರ ಅಳತೆ. ನಾಲ್ಕು, ಏಳು, ಹದಿಮೂರು, ಹದಿನಾರು ಎಂಬ ನಾಲ್ಕು ಸಂಖ್ಯೆಗಳನ್ನು ತೆಗೆದುಕೊಳ್ಳಿ. ಸರಾಸರಿ 10, ವಿಚಲನೆಗಳ ವರ್ಗಗಳ ಮೊತ್ತ 90. ಆರ್‌ನಲ್ಲಿ ವೇರಿಯನ್ಸ್ ಕೇಳಿದರೆ 30 ಎನ್ನುತ್ತದೆ, ನಂಪೈ 22.5 ಎನ್ನುತ್ತದೆ. ಒಂದು ಎನ್ ಮೈನಸ್ ಒಂದರಿಂದ ಭಾಗಿಸಿದೆ, ಇನ್ನೊಂದು ಎನ್‌ನಿಂದ. ಲ್ಯಾಬಿನಲ್ಲಿ ಅರ್ಧ ತರಗತಿಗೆ ಆರ್, ಇನ್ನರ್ಧಕ್ಕೆ ಪೈಥಾನ್ ಕೊಟ್ಟು ಉತ್ತರಗಳನ್ನು ಎದುರುಬದುರು ಇಡಿಸಿದರೆ ಸಾಕು. ಈ ನಾಲ್ಕು ಸಂಖ್ಯೆಗಳೇ ಇಡೀ ಸಮಷ್ಟಿಯೋ, ಅಂದರೆ ನಾವು ತಿಳಿಯಬೇಕಾದ ಪೂರ್ತಿ ಗುಂಪೋ, ಅಥವಾ ದೊಡ್ಡದೊಂದು ಸಮಷ್ಟಿಯ ಮಾದರಿಯೋ ಎಂಬ ಪ್ರಶ್ನೆಯನ್ನು ವಿದ್ಯಾರ್ಥಿಗಳೇ ಎತ್ತುತ್ತಾರೆ.

ಇದೇ ನಾಲ್ಕು ಸಂಖ್ಯೆಗಳಿಗೆ ನೂರು ಕೋಟಿಯನ್ನು ಕೂಡಿಸಿ ನೋಡಿ. ಎಲ್ಲ ಸಂಖ್ಯೆಗಳಿಗೂ ಒಂದೇ ಮೊತ್ತವನ್ನು ಕೂಡಿಸಿದರೆ ವೇರಿಯನ್ಸ್ ಬದಲಾಗದು ಎಂಬುದು ಮೊದಲ ವರ್ಷದ ಪ್ರಮೇಯ. ಉತ್ತರ ಮತ್ತೆ 30 ಬರಬೇಕು. ವ್ಯಾಖ್ಯೆಯಂತೆ ಮೊದಲು ಸರಾಸರಿ ಕಂಡುಹಿಡಿದು, ಆಮೇಲೆ ವಿಚಲನೆಗಳನ್ನು ವರ್ಗಿಸಿ ಕೂಡಿಸಿದ ಪ್ರೋಗ್ರಾಮ್ 30 ಎಂದೇ ಹೇಳುತ್ತದೆ. ಆದರೆ ವರ್ಗಗಳ ಮೊತ್ತದಿಂದ ಮೊತ್ತದ ವರ್ಗದ ಎನ್‌ನೇ ಒಂದು ಭಾಗವನ್ನು ಕಳೆದು, ಎನ್ ಮೈನಸ್ ಒಂದರಿಂದ ಭಾಗಿಸುವ ‘ಸುಲಭ ಸೂತ್ರ’ವನ್ನು ಪೈಥಾನಿನಲ್ಲಿ ಸಾದಾ ಲೂಪ್ ಆಗಿ ಬರೆದು, ಸಂಖ್ಯೆಗಳನ್ನು ದಶಮಾಂಶವಿರುವ ಫ್ಲೋಟ್ ರೂಪದಲ್ಲಿ ಕೊಟ್ಟರೆ ಬರುವ ಉತ್ತರ ಮೈನಸ್ 170.67! ವರ್ಗಗಳ ಮೊತ್ತದಿಂದ ಹುಟ್ಟಿದ ವೇರಿಯನ್ಸ್ ಋಣವಾಗುವುದುಂಟೆ? ಯಂತ್ರ ಪ್ರತಿಯೊಂದು ಸಂಖ್ಯೆಯನ್ನೂ 53 ಬಿಟ್‌ಗಳಲ್ಲಿ, ಅಂದರೆ ಸುಮಾರು 16 ಅಂಕಿಗಳಷ್ಟು ನಿಖರತೆಯಲ್ಲಿ ಇಟ್ಟುಕೊಳ್ಳುತ್ತದೆ. ಇಲ್ಲಿನ ವರ್ಗಗಳಿಗೆ 19 ಅಂಕಿಗಳು ಬೇಕು. ಕೊನೆಯ ಅಂಕಿಗಳು ಉದುರಿಹೋದ ಎರಡು ಭಾರಿ ಸಂಖ್ಯೆಗಳನ್ನು ಒಂದರಿಂದ ಒಂದು ಕಳೆದಾಗ ಉಳಿಯುವುದು ಆ ಉದುರಿದ ಕಸವಷ್ಟೆ. ಸುಲಭ ಸೂತ್ರ ಕೈಲೆಕ್ಕದ ಕಾಲದಲ್ಲಿ ನಿಜಕ್ಕೂ ಸುಲಭವಾಗಿತ್ತು. ಪ್ರಶ್ನೆಪತ್ರಿಕೆಗಳು ಅದನ್ನು ಇನ್ನೂ ಬಿಟ್ಟಿಲ್ಲ. ದತ್ತಾಂಶವನ್ನು ಒಂದೇ ಸಲ ಹಾದುಹೋಗುತ್ತ ವೇರಿಯನ್ಸನ್ನು ಸುರಕ್ಷಿತವಾಗಿ ಲೆಕ್ಕಹಾಕುವ ಕ್ರಮವನ್ನು ವೆಲ್‌ಫೋರ್ಡ್ 1962ರಲ್ಲೇ ಪ್ರಕಟಿಸಿದ್ದ. ಬೀಜಗಣಿತದಲ್ಲಿ ಸಮವಾಗಿರುವ ಎರಡು ಬರಹಗಳು ಯಂತ್ರದಲ್ಲಿ ಸಮವಾಗಿರಲೇಬೇಕೆಂದಿಲ್ಲ ಎಂಬ ತಿಳಿವಳಿಕೆ ವಿದ್ಯಾರ್ಥಿಗೆ ಈ ನಾಲ್ಕು ಸಂಖ್ಯೆಗಳಿಂದ ಬರುವಷ್ಟು ಬೇಗ ಬೇರೆ ಯಾವುದರಿಂದಲೂ ಬಂದದ್ದನ್ನು ನಾನು ಕಂಡಿಲ್ಲ.

ಇಷ್ಟು ಹೇಳಿಯೂ, ಪ್ರೋಗ್ರಾಮಿಂಗ್ ಅತಿ ಹೆಚ್ಚು ನೆರವಾಗುವ ಜಾಗ ಬೇರೆಯೇ ಇದೆ ಎಂದು ನನಗನ್ನಿಸುತ್ತದೆ. ಅದು ಯಾದೃಚ್ಛಿಕತೆ. ಪುಸ್ತಕದಲ್ಲಿ ಎಸ್ಟಿಮೇಟರ್‌ಗೂ (ಮಾದರಿಯಿಂದ ಅಂದಾಜು ಮಾಡುವ ವಿಧಾನಕ್ಕೂ) ಅದು ಒಂದು ನಿರ್ದಿಷ್ಟ ಮಾದರಿಯಲ್ಲಿ ಕೊಟ್ಟ ಅಂದಾಜಿಗೂ ತಲೆಯ ಮೇಲೆ ಟೋಪಿ ಹಾಕಿದ ಒಂದೇ ಅಕ್ಷರ. ಒಂದು ವಿಧಾನ, ಇನ್ನೊಂದು ಸಂಖ್ಯೆ. ಈ ವ್ಯತ್ಯಾಸ ತಿಳಿಯದವನಿಗೆ ‘ಎಸ್ಟಿಮೇಟರಿನ ವೇರಿಯನ್ಸ್’ ಎಂಬ ಮಾತೇ ಅರ್ಥವಾಗದು, ಏಕೆಂದರೆ ಕೈಯಲ್ಲಿರುವ ಒಂದೇ ಸಂಖ್ಯೆಗೆ ಏರಿಳಿತ ಎಲ್ಲಿಯದು? ಕೋಡಿನಲ್ಲಿ ಈ ಗೊಂದಲಕ್ಕೆ ಎಡೆಯೇ ಇಲ್ಲ. ಎಸ್ಟಿಮೇಟರ್ ಎಂದರೆ ಒಂದು ಫಂಕ್ಷನ್: ಮಾದರಿಯನ್ನು ಕೊಟ್ಟರೆ ಸಂಖ್ಯೆಯನ್ನು ಹಿಂದಿರುಗಿಸುತ್ತದೆ. ಅಂದಾಜು ಎಂದರೆ ಅದು ಹಿಂದಿರುಗಿಸಿದ ಸಂಖ್ಯೆ. ಸಮಷ್ಟಿಯಿಂದ ಮಾದರಿ ತೆಗೆಯುವ ಸಾಲು, ಅದರ ಮೇಲೆ ಫಂಕ್ಷನ್ ಅನ್ವಯಿಸುವ ಸಾಲು, ಇವೆರಡನ್ನೂ ಸಾವಿರ ಸಲ ಮಾಡಿಸುವ ಲೂಪ್, ಬಂದ ಸಾವಿರ ಸಂಖ್ಯೆಗಳ ಮಾನಕ ವಿಚಲನೆ, ಅಂದರೆ ವೇರಿಯನ್ಸಿನ ವರ್ಗಮೂಲ. ಸ್ಟ್ಯಾಂಡರ್ಡ್ ಎರರ್ ಎಂದರೆ ಇದೇ. ಇಲ್ಲಿ ಯಾವುದು ಲೂಪಿನ ಒಳಗಿದೆಯೋ ಅದು ಯಾದೃಚ್ಛಿಕ, ಯಾವುದು ಹೊರಗಿದೆಯೋ ಅದು ಸ್ಥಿರ. ಸಮಷ್ಟಿಯ ಸರಾಸರಿ ಹೊರಗಿರುತ್ತದೆ. ಆ ಸರಾಸರಿಯನ್ನು ಹಿಡಿಯಲೆಂದು ಮಾದರಿಯಿಂದ ಲೆಕ್ಕಹಾಕುವ ಶೇಕಡ 95ರ ವಿಶ್ವಾಸಾಂತರದ ಎರಡು ತುದಿಗಳು ಒಳಗಿರುತ್ತವೆ. ‘ಸರಾಸರಿ ಈ ಎರಡು ಸಂಖ್ಯೆಗಳ ನಡುವೆ ಬೀಳುವ ಸಂಭವನೀಯತೆ ಶೇಕಡ 95’ ಎಂದು ಬರೆಯುವ ವಿದ್ಯಾರ್ಥಿಗೆ ನಾನು ಉಪದೇಶ ಮಾಡಲು ಹೋಗುವುದಿಲ್ಲ. ನಿನ್ನ ಕೋಡಿನಲ್ಲಿ ಸರಾಸರಿಯ ಸಾಲು ಎಲ್ಲಿದೆ ತೋರಿಸಪ್ಪ ಎನ್ನುತ್ತೇನೆ.

ಕಂಪ್ಯೂಟರ್ ಬರುವ ಮೊದಲೇ ಇದನ್ನು ಕೈಯಿಂದ ಮಾಡಿದವರಿದ್ದಾರೆ. ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿದ್ದ ವಿಲಿಯಂ ಗಾಸೆಟ್ ‘ಸ್ಟೂಡೆಂಟ್’ ಎಂಬ ಹೆಸರಿನಲ್ಲಿ 1908ರಲ್ಲಿ, ಮುಂದೆ ಟಿ-ಹಂಚಿಕೆ ಎಂದು ಹೆಸರಾದ ತನ್ನ ಹಂಚಿಕೆಯನ್ನು ಪ್ರಕಟಿಸಿದಾಗ, 3000 ಅಪರಾಧಿಗಳ ಎತ್ತರ ಮತ್ತು ಎಡಗೈ ನಡುಬೆರಳಿನ ಉದ್ದದ ಅಳತೆಗಳನ್ನು ರಟ್ಟಿನ ತುಂಡುಗಳ ಮೇಲೆ ಬರೆದು, ಚೆನ್ನಾಗಿ ಕಲೆಸಿ, ನಾಲ್ಕು ನಾಲ್ಕರಂತೆ 750 ಮಾದರಿಗಳನ್ನು ತೆಗೆದು ತನ್ನ ಸೂತ್ರವನ್ನು ಪರೀಕ್ಷಿಸಿದ್ದ. ಇವತ್ತು ಅದು ನಾಲ್ಕು ಸಾಲಿನ ಕೋಡ್. ಟಿ-ಪರೀಕ್ಷೆಯನ್ನು ಕೋಷ್ಟಕದಿಂದ ಶುರುಮಾಡುವ ಬದಲು ಈ ನಾಲ್ಕು ಸಾಲುಗಳಿಂದ ಶುರುಮಾಡಬಾರದೇಕೆ?

ನಮ್ಮ ಕರಾವಳಿಯಲ್ಲಿ ಇದಕ್ಕೆ ಹೇಳಿ ಮಾಡಿಸಿದ ವಿಷಯವೊಂದಿದೆ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ದೇಶದ ಕರಾವಳಿಯ ಮೀನಿನ ಇಳುವರಿಯನ್ನು ಸ್ತರೀಕೃತ ಬಹುಹಂತದ ಯಾದೃಚ್ಛಿಕ ಮಾದರಿ ವಿಧಾನದಿಂದ ಅಂದಾಜು ಮಾಡುತ್ತದೆ. ಕಾರವಾರದಲ್ಲೂ ಅದರ ಕೇಂದ್ರವಿದೆ. ಎಲ್ಲ ಬಂದರುಗಳಲ್ಲಿ ಎಲ್ಲ ದಿನ ಎಲ್ಲ ಬೋಟುಗಳ ಮೀನನ್ನು ತೂಗಲು ಯಾರಿಂದಲೂ ಆಗದು. ಆದ್ದರಿಂದ ಸ್ಥಳ ಮತ್ತು ಕಾಲಗಳನ್ನು ಸ್ತರಗಳಾಗಿ ವಿಂಗಡಿಸಿ, ಕೆಲವು ಇಳಿದಾಣಗಳನ್ನೂ ಕೆಲವು ದಿನಗಳನ್ನೂ ಆಯ್ದು, ಆ ದಿನ ಬಂದ ಬೋಟುಗಳಲ್ಲಿ ಕೆಲವನ್ನು ನೋಡಿ, ಅಲ್ಲಿಂದ ಒಟ್ಟು ಮೊತ್ತಕ್ಕೆ ಏರುತ್ತಾರೆ. ಪುಸ್ತಕದಲ್ಲಿ ಇದು ಒಂದರೊಳಗೊಂದು ಕೂತ ಮೂರು ಸಿಗ್ಮಾಗಳ ಸಾಲು, ನೋಡಿದರೇ ವಿದ್ಯಾರ್ಥಿ ಪುಟ ತಿರುವುತ್ತಾನೆ. ಕೋಡಿನಲ್ಲಿ ಬರೆಸಿದರೆ ಹೊರಗಿನ ಲೂಪ್ ಬಂದರುಗಳದ್ದು, ನಡುವಿನದು ದಿನಗಳದ್ದು, ಒಳಗಿನದು ಬೋಟುಗಳದ್ದು. ತರಗತಿಗಾಗಿ ನಾವೇ ಒಂದು ಕಲ್ಪಿತ ಸಮಷ್ಟಿಯನ್ನು ಕಟ್ಟಿಕೊಳ್ಳಬಹುದು: ಬೈತಖೋಲ್, ತದಡಿ, ಹೊನ್ನಾವರ ಎಂದು ಮೂರು ಸ್ತರಗಳು; ಒಂದು ಕಡೆ ಪರ್ಸೀನ್ ಬೋಟುಗಳು ಹೆಚ್ಚು, ಇನ್ನೊಂದು ಕಡೆ ನಾಡದೋಣಿಗಳು ಹೆಚ್ಚು ಎಂದು ಇಟ್ಟುಕೊಂಡು, ಪ್ರತಿ ಬೋಟಿಗೂ ಬಂಗಡೆಯ ತೂಕವನ್ನು ಯಂತ್ರದಿಂದಲೇ ಹುಟ್ಟಿಸಬಹುದು. ಆಮೇಲೆ ಎರಡು ಫಂಕ್ಷನ್‌ಗಳನ್ನು ಬರೆಸಬೇಕು. ಒಂದು, ಬಂದರಿನ ಭೇದವಿಲ್ಲದೆ ಮೂವತ್ತು ಬೋಟುಗಳನ್ನು ತೆಗೆದು, ಅವುಗಳ ಸರಾಸರಿಯನ್ನು ಒಟ್ಟು ಬೋಟುಗಳ ಸಂಖ್ಯೆಯಿಂದ ಗುಣಿಸುವುದು. ಇನ್ನೊಂದು, ಪ್ರತಿ ಬಂದರಿನಿಂದ ಹತ್ತರಂತೆ ತೆಗೆದು, ಬಂದರಿನ ಸರಾಸರಿಯನ್ನು ಅಲ್ಲಿನ ಬೋಟುಗಳ ಸಂಖ್ಯೆಯಿಂದ ಗುಣಿಸಿ ಕೂಡಿಸುವುದು. ಎರಡನ್ನೂ ಸಾವಿರ ಸಲ ಓಡಿಸಿದಾಗ ಯಾವುದರ ಹರಡು ಕಡಿಮೆ? ಬಂದರು ಬಂದರಿಗೆ ವ್ಯತ್ಯಾಸ ಹೆಚ್ಚಿದ್ದಷ್ಟೂ ಎರಡನೆಯದು ಗೆಲ್ಲುತ್ತ ಹೋಗುತ್ತದೆ. ಬಂದರುಗಳೆಲ್ಲ ಒಂದೇ ತೆರನಾಗಿದ್ದರೆ ಲಾಭ ಕರಗಿಹೋಗುತ್ತದೆ. ಇದನ್ನು ಕಣ್ಣಾರೆ ಕಂಡ ಮೇಲೆ ಸೂತ್ರದ ಸಾಧನೆಗೆ ಹೊರಡಬೇಕು. ಸಾವಿರ ಸಲ ಓಡಿಸಿದ್ದು ಸಾಧನೆಯಾಗುವುದಿಲ್ಲ ಎಂಬುದನ್ನು ಮಾತ್ರ ಮತ್ತೆ ಮತ್ತೆ ಹೇಳಬೇಕಾಗುತ್ತದೆ. ಸಾಧಿಸಬೇಕಾದ ಸಂಗತಿ ಯಾವುದು ಎಂದು ಅದು ತೋರಿಸುತ್ತದೆ, ಅಷ್ಟೆ.

ಎಸ್ಟಿಮೇಟರ್ ಒಂದು ಫಂಕ್ಷನ್ ಎಂದಾದ ಮೇಲೆ ಅದನ್ನು ಇನ್ನೊಂದು ಫಂಕ್ಷನ್ನಿನ ಕೈಗೆ ಕೊಡಬಹುದು. ಸರಾಸರಿಯ ಜಾಗದಲ್ಲಿ ಮಧ್ಯಾಂಕವನ್ನು ಕೊಟ್ಟರೆ ಉಳಿದ ಕೋಡ್ ಹಾಗೇ ನಡೆಯುತ್ತದೆ. ನಾರ್ಮಲ್ ಹಂಚಿಕೆಯ ದೊಡ್ಡ ಮಾದರಿಗಳಲ್ಲಿ ಮಧ್ಯಾಂಕದ ವೇರಿಯನ್ಸ್ ಸರಾಸರಿಯದರ ಸುಮಾರು 1.57 ಪಟ್ಟು ಬರುತ್ತದೆ, ಅಂದರೆ 3.14 ಎಂಬ ಪೈ ಸಂಖ್ಯೆಯ ಅರ್ಧ. ಪಕ್ಷಪಾತರಹಿತ, ಅಂದರೆ ಸರಾಸರಿಯಾಗಿ ಸರಿಯಾದ ಉತ್ತರವನ್ನೇ ಕೊಡುವ, ಯಾವ ಎಸ್ಟಿಮೇಟರಿನ ವೇರಿಯನ್ಸೂ ಇಳಿಯಲಾರದ ಗಡಿಯೊಂದಿದೆ ಎಂದು 1945ರಲ್ಲಿ ತೋರಿಸಿದ ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್ ಹುಟ್ಟಿದ್ದು ನಮ್ಮ ಹಡಗಲಿಯಲ್ಲಿ, 1920ರಲ್ಲಿ. ಇಲ್ಲಿ ಸರಾಸರಿಯ ವೇರಿಯನ್ಸ್ ಸರಿಯಾಗಿ ಆ ಗಡಿಯಲ್ಲೇ ನಿಂತಿರುತ್ತದೆ, ಮಧ್ಯಾಂಕದ್ದು ಅದಕ್ಕಿಂತ ಮೇಲಿರುತ್ತದೆ. ಹಾಗೆಯೇ ಬ್ರಾಡ್ಲಿ ಎಫ್ರಾನ್ 1979ರಲ್ಲಿ ಮುಂದಿಟ್ಟ ಬೂಟ್‌ಸ್ಟ್ರಾಪ್ ವಿಧಾನಕ್ಕೆ ಈ ಕೋಡಿನಲ್ಲಿ ಒಂದೇ ಸಾಲು ಬದಲಾಗಬೇಕು: ಸಮಷ್ಟಿಯಿಂದ ತೆಗೆಯುವ ಬದಲು, ಕೈಯಲ್ಲಿರುವ ಮಾದರಿಯಿಂದಲೇ ತೆಗೆದದ್ದನ್ನು ಮರಳಿಸುತ್ತ ತೆಗೆಯುವುದು. ಆ ಒಂದು ಸಾಲಿನ ಬದಲಾವಣೆಯೇ ಆ ವಿಧಾನದ ಇಡೀ ಧೈರ್ಯ.

ಲೈಕ್ಲಿಹುಡ್ ಬಗ್ಗೆ ಒಂದೆರಡು ಮಾತು. ಅದೇ ಸಂಭವನೀಯತೆಯ ಸೂತ್ರದಲ್ಲಿ ದತ್ತಾಂಶವನ್ನು ಸ್ಥಿರವಾಗಿಟ್ಟು, ನಿಯತಾಂಕವನ್ನು (ಸಮಷ್ಟಿಯ ಬಗ್ಗೆ ನಮಗೆ ತಿಳಿಯದ ಸಂಖ್ಯೆಯನ್ನು) ಫಂಕ್ಷನ್ನಿನ ಒಳಸೇರುವ ಸಂಖ್ಯೆಯಾಗಿಸಿದರೆ ಅದು ಲೈಕ್ಲಿಹುಡ್. ಫಂಕ್ಷನ್ನಿನ ಕಂಸದೊಳಗೆ ಯಾವುದನ್ನು ಬರೆದಿದ್ದೀರಿ ಎಂಬುದೇ ಉತ್ತರ. 0.1ರಷ್ಟಿರುವ 400 ಸಂಭವನೀಯತೆಗಳನ್ನು ಗುಣಿಸಲು ಹೇಳಿದರೆ ಯಂತ್ರ ಸೊನ್ನೆ ಎನ್ನುತ್ತದೆ. ಲಾಗ್ ತೆಗೆದುಕೊಳ್ಳುವುದು ಅವಕಲನದ ಅನುಕೂಲಕ್ಕಾಗಿ ಮಾತ್ರವಲ್ಲ ಎಂದು ಆಗ ತಿಳಿಯುತ್ತದೆ.

ಭಾಷೆ ಯಾವುದಿರಬೇಕೆಂಬ ಚರ್ಚೆಯಲ್ಲಿ ನನಗೆ ಹೆಚ್ಚು ಆಸಕ್ತಿ ಇಲ್ಲ. ಆರ್ ಉಚಿತ, ಒಮ್ಮೆ ಹಾಕಿಕೊಂಡರೆ ಇಂಟರ್ನೆಟ್ ಬೇಡ, ಸಂಖ್ಯಾಶಾಸ್ತ್ರಜ್ಞರೇ ಕಟ್ಟಿದ್ದು. ಪೈಥಾನ್ ಮುಂದೆ ಕೆಲಸಕ್ಕೆ ನೆರವಾಗುತ್ತದೆ. ಎಕ್ಸೆಲ್ ಬಗ್ಗೆ ನನಗಿರುವ ತಕರಾರು ಒಂದೇ, ಅದು ಸೂತ್ರವನ್ನು ಕೋಶದೊಳಗೆ ಅಡಗಿಸಿ ಉತ್ತರವನ್ನು ಮಾತ್ರ ತೋರಿಸುತ್ತದೆ. ಘಟ್ಟದ ಮೇಲೆ ಮಳೆಗಾಲದಲ್ಲಿ ಲ್ಯಾಬ್ ನಡೆಸುವವರಿಗೆ ಕರೆಂಟು ಹೋಗುವುದರ ಬಗ್ಗೆ ಹೇಳಬೇಕಾಗಿಲ್ಲ; ಆ ಹೊತ್ತನ್ನು ನಾನು ಕಾಗದದ ಮೇಲೆ ಕೋಡ್ ಬರೆಸಲು ಬಳಸುತ್ತೇನೆ, ಮತ್ತು ಬರೆದದ್ದನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದಿಸುತ್ತೇನೆ. ‘ಪ್ರತಿ ಲಾಟಿಗೂ ದರವನ್ನು ತೂಕದಿಂದ ಗುಣಿಸು, ಎಲ್ಲವನ್ನೂ ಕೂಡಿಸು, ತೂಕಗಳ ಮೊತ್ತದಿಂದ ಭಾಗಿಸು’ ಎಂದು ಓದಲು ಬಂದರೆ ಆ ಕೋಡ್ ಸರಿ ಇರುವ ಸಾಧ್ಯತೆ ಹೆಚ್ಚು. ‘ಎಕ್ಸ್ ಇಂಟು ವೈ’ ಎಂದಷ್ಟೇ ಓದಿದರೆ ಸಂದೇಹ ಪಡಬೇಕು. ಪೈಥಾನ್‌ನ ಮೂರನೆಯ ಆವೃತ್ತಿ ಚರಗಳ ಹೆಸರನ್ನು ಕನ್ನಡ ಲಿಪಿಯಲ್ಲೇ ಸ್ವೀಕರಿಸುತ್ತದೆ, ತೂಕ, ದರ ಎಂದೇ ಬರೆಯಬಹುದು. ಕೀಬೋರ್ಡ್ ಬದಲಾಯಿಸುವ ಕಿರಿಕಿರಿಯಿಂದ ಇದನ್ನು ಕಡ್ಡಾಯ ಮಾಡಲಾರೆ, ಕಾಗದದ ಮೇಲೆ ಮಾತ್ರ ಹಾಗೇ ಬರೆಸುತ್ತೇನೆ.

ಉಪನ್ಯಾಸದ ನಂತರ ಇಬ್ಬರು ಕೇಳಿದ ಪ್ರಶ್ನೆಗಳನ್ನೂ ಇಲ್ಲಿ ಸೇರಿಸುತ್ತೇನೆ. ಇದಕ್ಕೆಲ್ಲ ಪಠ್ಯಕ್ರಮದಲ್ಲಿ ಸಮಯ ಎಲ್ಲಿದೆ ಸರ್ ಎಂದು ಹಿರಿಯ ಅಧ್ಯಾಪಕರೊಬ್ಬರು ಕೇಳಿದರು. ಹತ್ತು ಜೋಡಿ ಸಂಖ್ಯೆಗಳ ಸಹಸಂಬಂಧ ಗುಣಾಂಕವನ್ನು ಕೈಯಿಂದ ಕೋಷ್ಟಕ ಹಾಕಿ ಒಂದು ಸಲ ಮಾಡಿಸುವುದು ಅಗತ್ಯ. ಅದನ್ನೇ ಜರ್ನಲ್‌ನಲ್ಲಿ ಬೇರೆ ಬೇರೆ ಅಂಕೆಗಳಿಗೆ ಮತ್ತೆ ಮತ್ತೆ ಮಾಡಿಸುವುದನ್ನು ನಿಲ್ಲಿಸಿದರೆ ಸಾಕಷ್ಟು ಗಂಟೆಗಳು ಸಿಗುತ್ತವೆ ಎಂದೆ. ಅವರಿಗೆ ಪೂರ್ತಿ ಒಪ್ಪಿಗೆಯಾದಂತೆ ಕಾಣಲಿಲ್ಲ.

ಚಾಟ್‌ಜಿಪಿಟಿ ಇಡೀ ಕೋಡನ್ನೇ ಬರೆದುಕೊಡುವಾಗ ವಿದ್ಯಾರ್ಥಿಯಿಂದ ಏನನ್ನು ಬರೆಸಬೇಕು ಎಂದು ಇನ್ನೊಬ್ಬರು ಕೇಳಿದರು. ಎಲ್ಲಿಂದಾದರೂ ತರಲಿ, ಮೌಖಿಕ ಪರೀಕ್ಷೆಯಲ್ಲಿ ಒಂದು ಸಾಲನ್ನು ಬದಲಿಸಲು ಹೇಳುತ್ತೇನೆ. ಉದಾಹರಣೆಗೆ, ಆರ್‌ನಲ್ಲಿ ಮಾದರಿ ತೆಗೆಯುವ ಆಜ್ಞೆ ನಾವು ಬೇರೆ ಹೇಳದಿದ್ದರೆ ತೆಗೆದದ್ದನ್ನು ಮರಳಿಸುವುದಿಲ್ಲ. ನಂಪೈಯಲ್ಲಿ ಅಂಥದೇ ಕೆಲಸದ ‘ಚಾಯ್ಸ್’ ಆಜ್ಞೆ ಮರಳಿಸುತ್ತದೆ. ಅರವತ್ತು ಬೋಟುಗಳಲ್ಲಿ ಐವತ್ತನ್ನು ತೆಗೆಯುವ ಪ್ರಶ್ನೆ ಕೊಟ್ಟಾಗ, ಮರಳಿಸದೆ ತೆಗೆದ ಮಾದರಿಯ ಸರಾಸರಿಯ ಹರಡು ಮರಳಿಸಿ ತೆಗೆದದ್ದರ 41 ಶೇಕಡಕ್ಕೆ ಇಳಿಯಬೇಕು, ಏಕೆಂದರೆ ಸೀಮಿತ ಸಮಷ್ಟಿಯ ತಿದ್ದುಪಡಿ ಇಲ್ಲಿ 59ರಲ್ಲಿ 10 ಭಾಗ, ಅದರ ವರ್ಗಮೂಲ ಸುಮಾರು 0.41. ತನ್ನ ಕೋಡ್ ಈ ಎರಡರಲ್ಲಿ ಯಾವುದನ್ನು ಮಾಡುತ್ತಿದೆ, ಇನ್ನೊಂದನ್ನು ಮಾಡಿಸಲು ಯಾವ ಸಾಲನ್ನು ಮುಟ್ಟಬೇಕು, ಮುಟ್ಟಿದರೆ ಹರಡು ಏರಬೇಕೋ ಇಳಿಯಬೇಕೋ ಎಂದು ಓಡಿಸುವ ಮೊದಲೇ ಹೇಳಬಲ್ಲ ವಿದ್ಯಾರ್ಥಿಗೆ ಆ ಕೋಡನ್ನು ಯಾರು ಟೈಪ್ ಮಾಡಿದರು ಎಂದು ನಾನು ಕೇಳುವುದಿಲ್ಲ.